ಒಂಬತ್ತು ಬಾವಿ, ಒಂದು ಸಾಲು

ಆ ವರ್ಷ ನನ್ನ ಚೀಲದಲ್ಲಿ ಯಾವಾಗಲೂ ಒಂದು ಹಗ್ಗ ಇರುತ್ತಿತ್ತು. ಅಡಿಗೊಂದು ಗಂಟು ಹಾಕಿದ ಹಗ್ಗ, ಅದರ ತುದಿಗೆ ಅಪ್ಪನ ಪಾತ್ರೆ ಅಂಗಡಿಯಿಂದ ತಂದ ಹಳೆಯ ತೂಕದ ಬಟ್ಟು. ಭಾನುವಾರ ಬೆಳಿಗ್ಗೆ ಮೆಟ್ರೊ ನಿಲ್ದಾಣದಲ್ಲಿ ಚೀಲ ತಪಾಸಣೆಯ ಹೆಂಗಸು ಅದನ್ನು ಹೊರಗೆ ತೆಗೆದು, ಏನಿದು ಎಂದು ಕೇಳುತ್ತಿದ್ದಳು. ಬಾವಿ ಅಳೆಯುವುದಕ್ಕೆ ಎಂದು ನಾನು ತಮಿಳಿನಲ್ಲಿ ಹೇಳಿದ ಮೇಲೆ ಅವಳ ಅನುಮಾನ ಇನ್ನಷ್ಟು ಹೆಚ್ಚುತ್ತಿತ್ತು. ಆದರೂ ಬಿಡುತ್ತಿದ್ದಳು.

ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ವಿಷಯ ಭೂವಿಜ್ಞಾನ. ವಡಪಳನಿಯ ಮುರುಗನ್ ಗುಡಿಯ ಹಿಂದಿನ ಬೀದಿಗಳಲ್ಲಿ ಇನ್ನೂ ಮುಚ್ಚದೆ ಉಳಿದಿರುವ ಮನೆಬಾವಿಗಳು ಮಳೆಗಾಲದಲ್ಲಿ ಎಷ್ಟು ಬೇಗ ತುಂಬುತ್ತವೆ, ಮಳೆ ನಿಂತ ಮೇಲೆ ಎಷ್ಟು ಬೇಗ ಇಳಿಯುತ್ತವೆ ಎಂದು ನೋಡುವುದು ನನ್ನ ಸಂಶೋಧನೆ. ಸಂಶೋಧನೆ ಎನ್ನುವುದು ದೊಡ್ಡ ಮಾತು. ಒಂಬತ್ತು ಬಾವಿಗಳಿಗೆ ವಾರಕ್ಕೊಮ್ಮೆ ಹಗ್ಗ ಬಿಡಬೇಕು, ಬಟ್ಟು ನೀರು ಮುಟ್ಟಿದ ಸದ್ದು ಕೇಳಿದ ಕೂಡಲೆ ಗಂಟು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಇದನ್ನು ಜೂನ್‌ನಿಂದ ಫೆಬ್ರವರಿವರೆಗೆ ಒಂದು ವಾರವೂ ತಪ್ಪಿಸಕೂಡದು ಎಂದು ನಮ್ಮ ಪ್ರಾಧ್ಯಾಪಕಿ ಕಟ್ಟುನಿಟ್ಟಾಗಿ ಹೇಳಿದ್ದರು. ಚೆನ್ನೈಯ ದೊಡ್ಡ ಮಳೆ ದೀಪಾವಳಿಯ ಆಚೀಚೆ ಬರುವಂಥದ್ದು. ಆ ಎರಡು ತಿಂಗಳ ಅಳತೆಯೇ ಪ್ರಾಜೆಕ್ಟಿನ ಜೀವ.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನನಗೆ ತಿದ್ದುವ ಚಟ. ನಮ್ಮ ಮುತ್ತಾತ ತುಮಕೂರಿನ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ಇಟ್ಟ ಅಂಗಡಿಯ ಬೋರ್ಡು, ನೆಂಟರ ಮದುವೆಯ ಕರೆಯೋಲೆ, ಹೋಟೆಲಿನ ತಿಂಡಿಪಟ್ಟಿ, ಯಾರು ಯಾರಿಗೆ ಏನಾಗಬೇಕು ಎಂದು ಅಮ್ಮ ಹೇಳುವ ಸಂಬಂಧ, ಯಾವುದನ್ನೂ ನಾನು ತಿದ್ದದೆ ಬಿಟ್ಟವಳಲ್ಲ. ಮನೆಯಲ್ಲಿ ನನಗೆ ಇನ್‌ಸ್ಪೆಕ್ಟರ್ ಎಂದೇ ಹೆಸರು. ಕನ್ನಡ ಅಕ್ಷರ ಕಲಿಸಿದ ಅಜ್ಜಿ ಮಾತ್ರ, "ಅಲ್ಪ ವಿದ್ಯಾ ಮಹಾಗರ್ವಿ ಕಣೇ ನೀನು" ಎಂದು ನಗುತ್ತಿದ್ದಳು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮ ಕಾಲೇಜಿನಲ್ಲಿ ಡಿಗ್ರಿ ಮುಗಿಯುವುದರೊಳಗೆ ಇಷ್ಟು ಗಂಟೆ ಸಮಾಜಸೇವೆ ಎಂದು ಕಡ್ಡಾಯವಿತ್ತು. ನಾನು ಕಣ್ಣು ಕಾಣದವರಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡುವ, ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವ ಒಂದು ಗುಂಪಿಗೆ ಸೇರಿದೆ. ಹೀಗೆ ಬರೆದುಕೊಡುವವರಿಗೆ ಸ್ಕ್ರೈಬ್ ಎನ್ನುತ್ತಾರೆ. ಗುಂಪಿನವರು ನನ್ನ ಹೆಸರು, ಊರು, ಭಾಷೆ ಕೇಳಿ, "ಕನ್ನಡವಾ, ಹಾಗಾದರೆ ನಿನಗೆ ಒಬ್ಬರಿದ್ದಾರೆ" ಎಂದು ಒಂದು ವಿಳಾಸ ಕೊಟ್ಟರು. ಅದು ವಡಪಳನಿಯ ವಿಳಾಸ. ಹೋಗಿ ನೋಡಿದರೆ ಎಂಟು ಮನೆಗಳ ಹಳೆಯ ವಠಾರ, ನಡುವೆ ರಾಟೆ ಇರುವ ಬಾವಿ. ನನ್ನ ಪಟ್ಟಿಯ ಒಂಬತ್ತನೆಯ ಬಾವಿ ಅಲ್ಲೇ ಸಿಕ್ಕಿತು.

ಆ ವಿಳಾಸದಲ್ಲಿದ್ದವಳನ್ನು ನಾನು ಅಕ್ಕ ಎಂದು ಕರೆಯತೊಡಗಿದೆ. ಅವಳಿಗೆ ಆಗ ನಲವತ್ತರ ಹತ್ತಿರ. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವಳ ತಂದೆ ಮೈಸೂರಿನಿಂದ ಬಂದು ಸಿನಿಮಾ ಸ್ಟುಡಿಯೋ ಒಂದರಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವರು. ತಂದೆ ತಾಯಿ ಹೋದ ಮೇಲೆ ಅದೇ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಎತ್ತುವ ತಾತ್ಕಾಲಿಕ ಕೆಲಸ. ಡಿಗ್ರಿ ಇದ್ದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಅಂಚೆ ಶಿಕ್ಷಣದಲ್ಲಿ ತಮಿಳು ಮಾಧ್ಯಮದ ಬಿ.ಎ. ಕಟ್ಟಿ ಎಲ್ಲ ಮುಗಿಸಿದ್ದಳು, ಇತಿಹಾಸದ ಒಂದು ಪೇಪರ್ ಮಾತ್ರ ಬಾಕಿ. ಹಳೆಯ ಪಠ್ಯಕ್ರಮಕ್ಕೆ ಅದೇ ಕೊನೆಯ ಅವಕಾಶ. ಈ ಸಲ ತಪ್ಪಿದರೆ ಮೊದಲ ವರ್ಷದಿಂದ ಮತ್ತೆ ಶುರು ಮಾಡಬೇಕು.

"ಇನ್ನೊಂದ್ಸಲ ಮೂರ್ ವರ್ಷ ಓದೋಕೆ ನನ್ ಕೈಲಾಗಲ್ಲಮ್ಮ," ಎಂದಳು ಮೊದಲ ದಿನವೇ. "ನೀ ಚೆನ್ನಾಗ್ ಓದ್ಕೊಡು, ಪೋದುಂ, ಅಷ್ಟ್ ಸಾಕು. ಬಾಕಿದೆಲ್ಲ ನಾ ನೋಡ್ಕೋತೀನಿ."

ಶನಿವಾರ ಅವಳಿಗೆ ಓದಿ ರೆಕಾರ್ಡ್ ಮಾಡುವುದು, ಭಾನುವಾರ ಬಾವಿಗಳು. ಅವಳ ಫೋನೇ ಅಕ್ಷರ ಓದಿ ಹೇಳುತ್ತಿತ್ತು, ಆದರೆ ಹಳೆಯ ತಮಿಳು ಅಚ್ಚು ಸಿಕ್ಕಿದರೆ ಎಲ್ಲ ಕಲಸಿಬಿಡುತ್ತಿತ್ತು. ಅದಕ್ಕೇ ನಾನು ಬೇಕಾಗಿದ್ದೆ.

ನಾನು ಮೊದಲ ಸಲ ಅವಳ ಬಾವಿಗೆ ಹಗ್ಗ ಬಿಟ್ಟಾಗ ಅಕ್ಕ ಹೊಸ್ತಿಲ ಮೇಲೆ ಕೂತು ಹೂ ಕಟ್ಟುತ್ತಿದ್ದಳು. "ಹದಿನೇಳು" ಎಂದಳು. ನನ್ನ ಹಗ್ಗದಲ್ಲಿ ಮೂವತ್ತನಾಲ್ಕು ಗಂಟು. ತಪ್ಪು ಎಂದು ಬಾಯಿ ತೆರೆದೆ. ಅವಳು ಹೇಳಿದ್ದು ಎಳೆತದ ಲೆಕ್ಕ. ಬೆಳಿಗ್ಗೆ ಕೊಡಪಾನ ಮೇಲೆ ಬರುವುದಕ್ಕೆ ಹಗ್ಗವನ್ನು ಎಷ್ಟು ಸಲ ಎಳೆದಳೋ ಅಷ್ಟು. ಅವಳ ಒಂದು ಎಳೆತಕ್ಕೆ ನನ್ನ ಎರಡು ಗಂಟು. ವಠಾರಕ್ಕೆ ಮೋಟರ್ ಇದ್ದರೂ ಅಕ್ಕ ಕುಡಿಯುವುದಕ್ಕೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸೇದಿಯೇ ನೀರು ತೆಗೆಯುತ್ತಿದ್ದಳು, ಚಿಕ್ಕಂದಿನಿಂದ ಎಣಿಸುತ್ತಲೇ ಇದ್ದಳು. ನಾನು ಆರು ವಾರ ಹೋಲಿಸಿ ನೋಡಿದೆ. ಒಂದೇ ಒಂದು ಸಲವೂ ತಿದ್ದುವುದಕ್ಕೆ ಅವಕಾಶ ಸಿಗಲಿಲ್ಲ. ಅದು ನನಗೆ ಸ್ವಲ್ಪ ಬೇಸರದ ವಿಷಯವೇ ಆಗಿತ್ತು.

ಅಕ್ಟೋಬರ್‌ನಲ್ಲಿ ಬರೆಯುವ ಅಭ್ಯಾಸ ಶುರುವಾಯಿತು. ನಾನು ನಯವಾದ ಜೆಲ್ ಪೆನ್ ತಂದಿದ್ದೆ. ಅಕ್ಕ ಎರಡು ಸಾಲು ಹೇಳಿ ನಿಲ್ಲಿಸಿದಳು. "ಈ ಪೆನ್ ವೇಂಡಾಂ. ಸದ್ದೇ ಬರಲ್ಲ. ನೀ ಬರೀತಿದೀಯಾ, ಸುಮ್ನೆ ಕೂತಿದೀಯಾ, ನಂಗ್ ಹೆಂಗ್ ಗೊತ್ತಾಗ್ಬೇಕು?" ಮೂಲೆಯಂಗಡಿಗೆ ಹೋಗಿ ಅವಳೇ ಐದಾರು ಬಾಲ್ ಪೆನ್ನುಗಳನ್ನು ಕಾಗದದ ಮೇಲೆ ಗೀಚಿಸಿ ಕೇಳಿ, ಒಂದನ್ನು ಆರಿಸಿದಳು. ಅವಳ ಕ್ರಮ ಹೀಗಿತ್ತು: ಒಂದು ವಾಕ್ಯ ಹೇಳುವುದು, ಪೆನ್ನು ನಿಲ್ಲುವವರೆಗೆ ಸುಮ್ಮನಿರುವುದು, ನಿಂತ ಮೇಲೆ ಮುಂದಿನ ವಾಕ್ಯ. ಹೊಸ ಪ್ಯಾರಾ ಬೇಕಾದರೆ ಬೆರಳಿಂದ ಮೇಜು ತಟ್ಟುತ್ತಿದ್ದಳು. ಬರೆದದ್ದನ್ನು ಮತ್ತೆ ಓದು ಎಂದು ಒಂದು ದಿನವೂ ಕೇಳಲಿಲ್ಲ. ಬೇರೆ ಸ್ಕ್ರೈಬ್‌ಗಳು ಬಂದಾಗ ಎರಡೆರಡು ಸಲ ಓದಿಸುತ್ತಿದ್ದಳಂತೆ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ ಎಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಎರಡು ದಿನ ಬಿಡದೆ ಸುರಿದ ಮಳೆಗೆ ವಡಪಳನಿಯ ಬೀದಿಗಳಲ್ಲಿ ಮೊಣಕಾಲುದ್ದ ನೀರು. ನಮ್ಮ ಅಂಗಡಿಯ ಕೆಳಗಿನ ಸಾಲಿನ ಪಾತ್ರೆಗಳೆಲ್ಲ ಕೆಸರಿನಲ್ಲಿ ತೇಲಿದವು. ಅವನ್ನು ತೊಳೆಯುತ್ತ ಎರಡು ದಿನ ನೀರಿನಲ್ಲೇ ನಿಂತೆ. ಆಮೇಲೆ ಸೊಳ್ಳೆ, ಅದರ ಹಿಂದೆ ಡೆಂಗಿ. ಪರೀಕ್ಷೆ ಡಿಸೆಂಬರ್ ಕೊನೆಗೆ ಮುಂದಕ್ಕೆ ಹೋಯಿತು, ಬಾವಿಗಳು ಮುಂದಕ್ಕೆ ಹೋಗಲಿಲ್ಲ. ನಾಲ್ಕು ಭಾನುವಾರ ಹಾಸಿಗೆಯಲ್ಲಿ ಮಲಗಿ ಅತ್ತೆ. ಇಡೀ ವರ್ಷ ಯಾವ ನಾಲ್ಕು ವಾರಕ್ಕಾಗಿ ಕಾದಿದ್ದೆನೋ ಅವೇ ಹೋದವು.

ಎದ್ದು ಕೂರುವ ಶಕ್ತಿ ಬಂದ ದಿನ ಪುಸ್ತಕ ತೆಗೆದೆ. ಒಂಬತ್ತು ಬಾವಿ, ನಾಲ್ಕು ವಾರ, ಮೂವತ್ತಾರು ಖಾಲಿ ಚೌಕ. ಮಳೆ ಬಂದಿದೆ ಎಂದಮೇಲೆ ಬಾವಿ ತುಂಬಿರಬೇಕು, ತುಂಬಿದ ಮೇಲೆ ನಿಧಾನವಾಗಿ ಇಳಿದಿರಬೇಕು. ಇಷ್ಟು ಊಹಿಸದಿದ್ದರೆ ಮೂರು ವರ್ಷ ಓದಿದ್ದೇಕೆ? ಪೆನ್ಸಿಲಿನಲ್ಲಿ ಮೂವತ್ತಾರನ್ನೂ ತುಂಬಿದೆ. ನೋಡುವುದಕ್ಕೆ ಚೆನ್ನಾಗಿಯೇ ಕಾಣುತ್ತಿದ್ದವು. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ತಿದ್ದುವವಳ ಕೈ, ಖಾಲಿ ಕಂಡರೆ ಸುಮ್ಮನಿರುವುದಿಲ್ಲ.

ಪರೀಕ್ಷೆಯ ದಿನ ಇನ್ನೂ ಕಾಲು ನಡುಗುತ್ತಿತ್ತು. ಸ್ಕ್ರೈಬ್ ಇಟ್ಟುಕೊಂಡವರಿಗೆ ಬೇರೆ ಕೋಣೆ. ಅಂದು ನಾವಿಬ್ಬರು, ಒಬ್ಬ ಮೇಲ್ವಿಚಾರಕಿ. ಅಭ್ಯರ್ಥಿ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ, ಕೂಡಿಸುವುದಿಲ್ಲ, ಬಿಡುವುದಿಲ್ಲ ಎಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಎರಡು ಗಂಟೆ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಫ್ರೆಂಚರು ಹಿಡಿದಿದ್ದ ಮದರಾಸು ಮತ್ತೆ ಇಂಗ್ಲಿಷರ ಕೈ ಸೇರಿದ್ದರ ಪ್ರಶ್ನೆ ಬಂತು. ಅಕ್ಕ ತಮಿಳಿನಲ್ಲಿ ವಾಕ್ಯ ಹೇಳಿ, ಇಸವಿ ಸಾವಿರದ ಏಳುನೂರ ನಲವತ್ತೊಂಬತ್ತು ಎಂದಳು.

ನಲವತ್ತೆಂಟು ಅಲ್ಲವೇ ಎಂದು ನನ್ನ ತಲೆ ಹೇಳಿತು. ಒಪ್ಪಂದವಾದದ್ದು ನಲವತ್ತೆಂಟರಲ್ಲಿ ಎಂದು ನಾನೇ ಓದಿ ರೆಕಾರ್ಡ್ ಮಾಡಿದ್ದು ನೆನಪಿತ್ತು. ಪಾಪ, ಅಕ್ಕ ಗಾಬರಿಯಲ್ಲಿ ತಪ್ಪಿದ್ದಾಳೆ. ಇದು ಕೊನೆಯ ಅವಕಾಶ. ಒಂದು ಅಂಕಿ ತಾನೆ? ನಲವತ್ತೆಂಟು ಎಂದು ಬರೆದೆ. ಬರೆದದ್ದು ಸಾಲದೆಂದು, ಆ ವರ್ಷದ ಒಪ್ಪಂದವಾದ ಕೂಡಲೆ ಕೋಟೆ ಇಂಗ್ಲಿಷರಿಗೆ ಸಿಕ್ಕಿತು ಎಂದು ನನ್ನದೇ ಒಂದು ಸಾಲು ಸೇರಿಸಿದೆ.

ಪೆನ್ನು ನಿಂತಿತು. ಅಕ್ಕ ಮುಂದಿನ ವಾಕ್ಯ ಹೇಳಲಿಲ್ಲ.

"ಓದು," ಎಂದಳು.

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಓದಿದೆ, ನಲವತ್ತೊಂಬತ್ತು ಎಂದೇ.

"ಅಪ್ಪರಂ? ಆಮೇಲೆ?"

"ಅಷ್ಟೇ ಅಕ್ಕ."

"ಇಲ್ಲ. ನಾ ನಿಲ್ಸಿದ್ಮೇಲೆ ಒಂದ್ ಸಾಲ್ ಉದ್ದ ಓಡ್ತು ಪೆನ್ನು. ಏನ್ ಬರ್ದೆ?"

ಪಿಸುಮಾತಿನಲ್ಲಿ ಹೇಳಿದೆ, ಇಸವಿಯನ್ನೂ ಹೇಳಿದೆ. ಅವಳ ಮುಖ ಗಟ್ಟಿಯಾಯಿತು. "ಹೊಡ್ದ್ ಹಾಕು. ಎರಡನ್ನೂ." ಅಷ್ಟರಲ್ಲಿ ಮೇಲ್ವಿಚಾರಕಿ ಎದ್ದು ಬಂದಳು. ಯಾವ ಭಾಷೆ, ಏನು ಗುಟ್ಟು, ಉತ್ತರ ಹೇಳಿಕೊಡುತ್ತಿದ್ದೀಯಾ ಎಂದು ನನ್ನನ್ನೇ ಕೇಳಿದಳು. ನಾನು ಸುಳ್ಳು ಹುಡುಕುತ್ತಿದ್ದೆ. ಅಕ್ಕ ಹುಡುಕಲಿಲ್ಲ. ತಾನು ಹೇಳದ ಒಂದು ಸಾಲನ್ನು ಇವಳು ಬರೆದಿದ್ದಾಳೆ, ಇಸವಿ ಬದಲಾಯಿಸಿದ್ದಾಳೆ, ಹೊಡೆದು ಹಾಕಿ ತಾನು ಹೇಳಿದ್ದನ್ನೇ ಬರೆಯುವಂತೆ ಹೇಳಿದ್ದೇನೆ ಎಂದು ತಮಿಳಿನಲ್ಲಿ, ಟೆಲಿಫೋನಿನಲ್ಲಿ ಮಾತಾಡುವ ಹಾಗೆ ಸ್ಪಷ್ಟವಾಗಿ ಹೇಳಿದಳು. ಮೇಲ್ವಿಚಾರಕಿ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಉತ್ತರಪತ್ರಿಕೆಗೆ ಲಗತ್ತಿಸಿದಳು.

ಹೊರಗೆ ಬಂದ ಮೇಲೆ ಅಕ್ಕ ಫೋನ್ ತೆಗೆದು ಜುಲೈ ತಿಂಗಳ ಒಂದು ರೆಕಾರ್ಡಿಂಗ್ ಹಾಕಿದಳು. ನನ್ನದೇ ಧ್ವನಿ. ನಲವತ್ತೆಂಟರಲ್ಲಿ ಒಪ್ಪಂದವಾಯಿತು ಎಂದು ಓದಿ, ಉಸಿರು ತೆಗೆದುಕೊಂಡು, ಮರುವರ್ಷ ಕೋಟೆಯನ್ನು ಹಿಂದಿರುಗಿಸಲಾಯಿತು ಎಂದು ನಾನೇ ಓದುತ್ತಿದ್ದೆ. ಬಾಯಿ ಓದಿತ್ತು, ತಲೆಗೆ ಅರ್ಧವೇ ಹೋಗಿತ್ತು.

"ಕಾಗ್ದದ್ ಮೇಲೆ ಒಪ್ಪೋದ್ ಬೇರೆ, ಕೈಗ್ ಬರೋದ್ ಬೇರೆಮ್ಮ," ಎಂದಳು. ಬಯ್ಯಲಿಲ್ಲ. ಬಸ್ ಸ್ಟಾಪಿನವರೆಗೆ ಎಂದಿನಂತೆ ನನ್ನ ಮೊಣಕೈ ಹಿಡಿದು ನಡೆದಳು. ಬಯ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಜನವರಿಯಲ್ಲಿ ಎಲ್ಲರ ಫಲಿತಾಂಶ ಬಂತು. ಅಕ್ಕನ ಎದುರು 'ತಡೆಹಿಡಿಯಲಾಗಿದೆ' ಎಂದಿತ್ತು. ಆಸ್ಪತ್ರೆಯವರು ಮೇ ತಿಂಗಳವರೆಗೆ ಕಾಯುತ್ತೇವೆ ಎಂದರಂತೆ. ಪರೀಕ್ಷಾ ಕಚೇರಿಯಿಂದ ನನಗೆ, ನಡೆದದ್ದನ್ನು ವಿವರಿಸಿ ಬರೆದುಕೊಡಬೇಕು ಎಂದು ಕಾಗದ ಬಂತು. ಗಣಪತಿ ಮಾಡುವುದಕ್ಕೆ ಹೋಗಿ ಅವರಪ್ಪನನ್ನು ಮಾಡಿದ್ದೆ.

ಅಮ್ಮ ಸೊಪ್ಪು ಸೋಸುತ್ತ ಪರಿಹಾರ ಹೇಳಿದಳು. "ಜ್ವರದಿಂದ ಎದ್ದಿದ್ದೆ, ಕೈತಪ್ಪಾಯ್ತು ಅಂತ ಬರೀ. ನಿಂಗೂ ತೊಂದ್ರೆ ಇಲ್ಲ, ಅವ್ಳಿಗೂ ಇಲ್ಲ. ಯಾರಪ್ಪನ್ ಗಂಟು ಹೋಗುತ್ತೆ?"

ಹಾಗೇ ಬರೆದೆ. ಚೆನ್ನಾಗಿ ಬರೆದೆ ಕೂಡ. ಜ್ವರದ ವರ್ಣನೆ ಓದಿದರೆ ಯಾರಿಗಾದರೂ ಕರುಣೆ ಬರಬೇಕು. ಕಳಿಸುವ ಮೊದಲು ಅಕ್ಕನಿಗೆ ಓದಿ ಕೇಳಿಸೋಣ ಎಂದು ಭಾನುವಾರ ಹೊರಟೆ. ನಿಜ ಹೇಳಬೇಕೆಂದರೆ ಅವಳ ಬಾಯಲ್ಲಿ ಸರಿ ಎನ್ನಿಸಿಕೊಂಡರೆ ನನ್ನ ಎದೆ ಹಗುರಾಗಬಹುದು ಎಂಬ ಆಸೆ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಒಂದು ದಪ್ಪ ಹಾಳೆ ಚಾಚಿದಳು. ಅದರ ತುಂಬ ಬ್ರೈಲ್ ಚುಕ್ಕೆಗಳು. ಅಂಕಿಗಳನ್ನು ಮುಟ್ಟಿ ಓದುವುದನ್ನು ಅವಳೇ ನನಗೆ ಕಲಿಸಿದ್ದಳು.

"ನೀ ಹುಷಾರಿಲ್ದೆ ಮಲ್ಗಿದ್ಯಲ್ಲ, ಆ ನಾಲ್ಕ್ ವಾರದ್ದು. ದಿನಾ ಬೆಳಗ್ಗೆ ಎಷ್ಟ್ ಎಳೆದ್ನೋ ಅಷ್ಟು. ಕೊಡ್ಬೇಕೂಂತ ಇಟ್ಟಿದ್ದೆ, ಪರೀಕ್ಷೆ ಗಲಾಟೆಲಿ ಮರ್ತೋಯ್ತು."

ನಾನು ಹೊಸ್ತಿಲಲ್ಲೇ ಕೂತು ಬೆರಳಾಡಿಸಿದೆ. ಮೊದಲ ವಾರ ಮೂರು ಎಳೆತ; ಬಾವಿ ಕಂಠದವರೆಗೆ ತುಂಬಿತ್ತು. ಎರಡನೆಯ ವಾರ ನಾಲ್ಕು. ಮೂರನೆಯ ವಾರ ಇದ್ದಕ್ಕಿದ್ದಂತೆ ಹತ್ತು, ಹನ್ನೊಂದು. ನಾಲ್ಕನೆಯ ವಾರ ಮತ್ತೆ ಆರು. ನನ್ನ ಪೆನ್ಸಿಲಿನ ಬಾವಿ ಹಾಗೆ ಮಾಡಿರಲಿಲ್ಲ. ಅದು ನಯವಾಗಿ, ಒಳ್ಳೆಯ ಹುಡುಗಿಯ ಹಾಗೆ, ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿದಿತ್ತು.

"ಮೂರ್ನೇ ವಾರ ಏನಾಯ್ತಕ್ಕ?"

"ಪಕ್ಕದ್ ಬಿಲ್ಡಿಂಗ್‌ಗೆ ಪಾಯ ತೋಡಿದಾರಲ್ಲ, ಅದ್ರಲ್ ನೀರ್ ನಿಂತು ಹಗಲೂ ರಾತ್ರಿ ಪಂಪ್ ಹಾಕಿದ್ರು. ನಮ್ ಬಾವಿನೂ ಇಳೀತು. ಅವ್ರ್ ನಿಲ್ಸಿದ್ರು, ಇದು ಏರ್ತು. ಯಾಕೆ, ನಿನ್ ಪುಸ್ತಕದಲ್ ಹಂಗಿಲ್ವಾ?"

ಆ ಪ್ರಶ್ನೆಯನ್ನು ಅವಳು ಸಹಜವಾಗಿಯೇ ಕೇಳಿದ್ದಳು. ನನಗೆ ಅಳು ಬಂತು. ನನ್ನಿಂದ ತನ್ನ ಫಲಿತಾಂಶ ನಿಂತುಹೋಗಿರುವ ಹೆಂಗಸು, ನಾನು ಮಲಗಿದ್ದಾಗ ದಿನವೂ ನನಗಾಗಿ ಎಣಿಸಿ ಚುಕ್ಕೆ ಹೊಡೆದಿದ್ದಳು. ನಾನು ಮಂಚದ ಮೇಲೆ ಕೂತು ಅವಳ ಬಾವಿಯನ್ನೇ ಕಟ್ಟುಕತೆ ಮಾಡಿದ್ದೆ. ಚೀಲದಲ್ಲಿದ್ದ ವಿವರಣೆಯ ಕಾಗದ ನೆನಪಾಯಿತು. ಅವಳು ನಿಜ ಹೇಳಿದ್ದಾಳೆ. ನಾನು ಕೈತಪ್ಪು ಎಂದು ಬರೆದರೆ ಕಚೇರಿಯವರ ಮುಂದೆ ಸುಳ್ಳಿ ಆಗುವುದು ಅವಳು. ಇಷ್ಟು ಸರಳವಾದದ್ದು ನನಗೂ ಅಮ್ಮನಿಗೂ ಹೊಳೆದಿರಲಿಲ್ಲ. ಕಾಗದವನ್ನು ಅಲ್ಲೇ ಹರಿದೆ.

"ಏನ್ ಹರೀತಿದೀಯಾ?" ಎಂದಳು ಅಕ್ಕ.

ಎರಡನ್ನೂ ಹೇಳಿದೆ, ಕಾಗದವನ್ನೂ ಪೆನ್ಸಿಲಿನ ಮೂವತ್ತಾರು ಚೌಕಗಳನ್ನೂ. ಅಕ್ಕ ಒಳಗಿನಿಂದ ಅದೇ ಬಾಲ್ ಪೆನ್ ತಂದು ಕೊಟ್ಟು, "ಇಲ್ಲೇ ಕೂತ್ ಬರಿ" ಎಂದಳು. ನಾನು ಬರೆದೆ. ಉತ್ತರ ತಪ್ಪೆಂದು ನಾನು ಭಾವಿಸಿದೆ, ತಿಳಿದೇ ಬದಲಾಯಿಸಿದೆ, ನನ್ನದೇ ಸಾಲು ಸೇರಿಸಿದೆ, ಓದು ಎಂದಾಗ ಸುಳ್ಳು ಓದಿದೆ, ಅಭ್ಯರ್ಥಿ ಸದ್ದಿನಿಂದ ಕಂಡುಹಿಡಿದು ಹೊಡೆದು ಹಾಕಿಸಿದರು. ಹತ್ತು ಸಾಲು ಆಯಿತು. ಪೆನ್ನು ನಿಂತ ಮೇಲೆ ಅವಳು ಓದು ಎಂದಳು. ಓದಿದೆ. ಮತ್ತೊಮ್ಮೆ ಓದಿಸಿದಳು.

ಮನೆಗೆ ಬಂದು ರಬ್ಬರ್ ಹಿಡಿದು ಎಂಟು ಬಾವಿಗಳನ್ನು ಖಾಲಿ ಮಾಡಿದೆ. ಒಂಬತ್ತನೆಯದಕ್ಕೆ ಅಕ್ಕನ ಎಳೆತಗಳನ್ನು ಬರೆದು, ಯಾರು ಎಣಿಸಿದ್ದು ಎಂದು ಪಕ್ಕದಲ್ಲಿ ಹಾಕಿದೆ. ಪ್ರಾಧ್ಯಾಪಕಿ ಪುಟ ತಿರುಗಿಸಿ, ಅಳಿಸಿದ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲವನ್ನೂ ಹೇಳಿದೆ. ಅಂಕ ಕಡಿಮೆಯಾಗುತ್ತದೆ ಎಂದರು, ಆಯಿತು. ವರದಿಯಲ್ಲಿ ಓದುವಂತಿರುವುದು ಆ ಒಂದು ಬಾವಿಯ ಪುಟವೇ ಎಂದೂ ಅಂದರು.

ಏಪ್ರಿಲ್‌ನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಇನ್ನು ಮುಂದೆ ನಾನು ಯಾರಿಗೂ ಸ್ಕ್ರೈಬ್ ಆಗುವಂತಿಲ್ಲ ಎಂದು ಗುಂಪಿನವರು ಪಟ್ಟಿಯಿಂದ ನನ್ನ ಹೆಸರು ತೆಗೆದರು. ಅಕ್ಕನ ಫಲಿತಾಂಶದ ತಡೆ ತೆಗೆದು ಅಂಕಪಟ್ಟಿ ಕಳಿಸಿದ್ದರು. "ಲಕೋಟೆ ಬಂದಿದೆ, ಬಾ" ಎಂದು ಅಕ್ಕ ಫೋನ್ ಮಾಡಿದಳು.

ಲಕೋಟೆ ಒಡೆಯುವಾಗ ಅವಳ ಎರಡು ಕೈಯೂ ಸೀರೆಯ ಸೆರಗನ್ನು ಹಿಂಡುತ್ತಿದ್ದವು. ಓದಿದೆ. ಕೊನೆಯ ಪೇಪರ್, ಪಾಸು. ಗೆರೆ ಮುಟ್ಟಿದ ಹಾಗೆ ಪಾಸು, ಒಂದೇ ಒಂದು ಅಂಕ ಮೇಲೆ.

"ಇನ್ನೊಂದ್ಸಲ," ಎಂದಳು. ಓದಿದೆ. ಅವಳ ಮುಖ ಅರಳಲಿಲ್ಲ, ಬಾಡಲೂ ಇಲ್ಲ. ಕೈ ಚಾಚಿ ಹಾಳೆ ತೆಗೆದುಕೊಂಡು, ಗೋಡೆ ಹಿಡಿದು ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯ ಮಾಮಿ ಒಂದೊಂದೇ ಅಂಕೆಯನ್ನು ತಮಿಳಿನಲ್ಲಿ ಓದುವುದು ನನಗೆ ಕೇಳಿಸುತ್ತಿತ್ತು. ಓದಿ ಮುಗಿದ ಮೇಲೆ ಅಕ್ಕ ಅತ್ತ ಸದ್ದು ಕೇಳಿಸಿತು, ಸಂತೋಷಕ್ಕೆ. ನನ್ನ ಎದುರಿಗೆ ಅವಳು ಅತ್ತಿರಲಿಲ್ಲ.

ನನಗೆ ತುಂಬ ನೋವಾಯಿತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ನೋವು. ಪ್ರಾಜೆಕ್ಟ್ ಮುಗಿದಿದ್ದರೂ ಚೀಲದಲ್ಲಿ ಹಗ್ಗ ಹಾಗೇ ಇತ್ತು. ಏನು ಮಾಡುವುದೆಂದು ತಿಳಿಯದೆ ಎದ್ದು ಬಾವಿಯ ಹತ್ತಿರ ಹೋದೆ. ಚೀಲ ತೆಗೆಯಲಿಲ್ಲ. ರಾಟೆಯ ಹಗ್ಗಕ್ಕೆ ಕಟ್ಟಿದ್ದ ಕೊಡಪಾನವನ್ನೇ ಬಿಟ್ಟು, ಅಕ್ಕನ ಹಾಗೆ ಉದ್ದಕ್ಕೆ ಕೈ ಚಾಚಿ, ಎಣಿಸುತ್ತ ಎಳೆದೆ. ನೀರು ಚೆಲ್ಲಿ ಪಾದ ಒದ್ದೆಯಾಯಿತು.

ಅಕ್ಕ ಹಿಂದೆ ಬಂದು ನಿಂತಿದ್ದಳು. ಕಣ್ಣು ಒರೆಸಿಕೊಂಡ ಸೆರಗು ಇನ್ನೂ ಕೈಯಲ್ಲೇ ಇತ್ತು.

"ಎಷ್ಟ್ ಬಂತು?"

ಹದಿನೈದು ಇರಬೇಕಿತ್ತು ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಕಳೆದ ವಾರ ಮಳೆ ಹನಿದಿತ್ತು. ನನ್ನ ಕೈಗೆ ಬಂದದ್ದು ಬೇರೆ.

"ಹದಿನಾರು ಅಕ್ಕ."

ಅವಳು ಕೊಡಪಾನದ ಕಂಠ ತಡವಿ ನೋಡಿ, ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಬೆಳಗ್ಗೆ ನಂಗೂ ಅಷ್ಟೇ ಬಂತು," ಎಂದು ಒಳಗೆ ಹೋದಳು.